ಅಪರಾಧಕ್ಕೆ ನ್ಯಾಯಾಲಯವಿದೆ, ನಡತೆಗೆ ಏನಿದೆ?

ಶಿವಮೊಗ್ಗ ಮತ್ತು ಭದ್ರಾವತಿಯ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಇಬ್ಬರು ಸಹೋದರರು ಒಂದು ಸಣ್ಣ ಫೌಂಡ್ರಿಯನ್ನು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ನೋಂದಾಯಿಸಿ ನಡೆಸುತ್ತಿದ್ದಾರೆಂದು ಇಟ್ಟುಕೊಳ್ಳಬಹುದು. 2013ರ ಕಂಪನಿ ಕಾಯ್ದೆಯ 184ನೇ ಕಲಮಿನ ಪ್ರಕಾರ ಅವರಿಬ್ಬರೂ ಪ್ರತಿ ಹಣಕಾಸು ವರ್ಷದ ಮೊದಲ ಮಂಡಳಿ ಸಭೆಯಲ್ಲಿ, ತಮಗೆ ಬೇರೆ ಯಾವ ಯಾವ ಕಂಪನಿ ಮತ್ತು ಪಾಲುದಾರಿಕೆ ಸಂಸ್ಥೆಗಳಲ್ಲಿ ಹಿತಾಸಕ್ತಿ ಇದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ 167ನೇ ಕಲಮಿನಡಿ ನಿರ್ದೇಶಕ ಸ್ಥಾನವೇ ತೆರವಾಗುತ್ತದೆ. ಸತತ ಮೂರು ವರ್ಷ ಲೆಕ್ಕಪತ್ರ ಅಥವಾ ವಾರ್ಷಿಕ ವಿವರಗಳನ್ನು ಸಲ್ಲಿಸದೆ ಹೋದರೆ 164ನೇ ಕಲಮಿನಡಿ ಐದು ವರ್ಷಗಳ ಕಾಲ ಅವರು ನಿರ್ದೇಶಕರಾಗಲು ಅನರ್ಹರು. ಇದು ಬರಿಯ ಬೆದರಿಕೆಯಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಈ ಕಲಮನ್ನು ಪ್ರಯೋಗಿಸಿದಾಗ ದೇಶದಲ್ಲಿ 3 ಲಕ್ಷಕ್ಕೂ ಹೆಚ್ಚು ನಿರ್ದೇಶಕರು ಅನರ್ಹಗೊಂಡರು. ಅವರಲ್ಲಿ ಬಹಳ ಮಂದಿ ಯಾವ ಮೋಸವನ್ನೂ ಮಾಡಿದವರಲ್ಲ. ಕಾಗದ ಸಲ್ಲಿಸಲು ತಪ್ಪಿದವರು, ಅಷ್ಟೆ.

ಇದೇ ಜಿಲ್ಲೆಯ ಮತದಾರರು ಆರಿಸಿ ಕಳುಹಿಸಿದ ಶಾಸಕರ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಚಿತ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯ 22ನೇ ಕಲಮಿನಂತೆ ಶಾಸಕರು, ಸಚಿವರು ಪ್ರತಿ ವರ್ಷ ಜೂನ್ 30ರ ಒಳಗೆ ತಮ್ಮ ಮತ್ತು ಕುಟುಂಬದವರ ಆಸ್ತಿ ಹಾಗೂ ಹೊಣೆಗಳ ವಿವರಣಾಪಟ್ಟಿಯನ್ನು ಲೋಕಾಯುಕ್ತರಿಗೆ ಸಲ್ಲಿಸಬೇಕು. ಸಲ್ಲಿಸದಿದ್ದರೆ ಲೋಕಾಯುಕ್ತರು ಸಕ್ಷಮ ಪ್ರಾಧಿಕಾರಕ್ಕೆ ವರದಿ ಮಾಡುತ್ತಾರೆ. ಅದಾಗಿ ಎರಡು ತಿಂಗಳು ಕಳೆದರೂ ಪಟ್ಟಿ ಬರದಿದ್ದರೆ ಅಂಥವರ ಹೆಸರನ್ನು ಮೂರು ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರೆ. ಅಲ್ಲಿಗೆ ಆ ಕಲಮಿನ ಕೆಲಸ ಮುಗಿಯಿತು. ಸ್ಥಾನ ತೆರವಾಗುವುದಿಲ್ಲ, ಸಂಬಳ ನಿಲ್ಲುವುದಿಲ್ಲ. ಎರಕದ ಕೆಲಸ ಮಾಡುವ ಇಬ್ಬರು ಸಹೋದರರಿಗೆ ಒಂದು ನ್ಯಾಯ, ಸಾವಿರಾರು ಕೋಟಿ ರೂಪಾಯಿಗಳ ಬಜೆಟ್ಟಿಗೆ ಕೈಯೆತ್ತುವವರಿಗೆ ಇನ್ನೊಂದು ನ್ಯಾಯ ಎಂಬಂತಾಗಿದೆ.

ಈ ಅಂತರದ ಮೂಲ ಎಲ್ಲಿದೆ? ರಾಜಕಾರಣಿಗಳೆಲ್ಲ ಕೆಟ್ಟವರು ಎಂಬ ಚಹಾದಂಗಡಿಯ ತೀರ್ಮಾನದಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಸಾರ್ವಜನಿಕ ಜೀವನದಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು. ಅಪರಾಧ ನಡೆಯಿತೇ ಎಂಬುದು ಒಂದು. ನಡತೆ ಸರಿಯಾಗಿತ್ತೇ ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಲು ಪೊಲೀಸರು, ಸಿಬಿಐ, ನ್ಯಾಯಾಲಯಗಳು ಇವೆ. ಎರಡನೆಯದನ್ನು ಕೇಳುವ ವ್ಯವಸ್ಥೆ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದ್ದರಿಂದ ಮೊದಲನೆಯ ಪ್ರಶ್ನೆಗೆ ‘ಸಾಕ್ಷ್ಯವಿಲ್ಲ’ ಎಂಬ ಉತ್ತರ ಬಂದ ದಿನವೇ ಎರಡನೆಯ ಪ್ರಶ್ನೆಯೂ ಸತ್ತುಹೋಗುತ್ತದೆ.

ಎರಡು ಪ್ರಕರಣಗಳು

ಶಿವಮೊಗ್ಗ ಜಿಲ್ಲೆ ರಾಜ್ಯಕ್ಕೆ ಕಡಿದಾಳ್ ಮಂಜಪ್ಪ, ಎಸ್. ಬಂಗಾರಪ್ಪ, ಬಿ.ಎಸ್. ಯಡಿಯೂರಪ್ಪ ಅವರಂಥ ಮುಖ್ಯಮಂತ್ರಿಗಳನ್ನು ಕೊಟ್ಟಿದೆ. ಅಂದಿನ ಅವಿಭಜಿತ ಜಿಲ್ಲೆಯ ಚನ್ನಗಿರಿಯಿಂದ ಬಂದ ಜೆ.ಎಚ್. ಪಟೇಲರನ್ನೂ ಈ ಸಾಲಿಗೆ ಸೇರಿಸಬೇಕು. ಶಾಂತವೇರಿ ಗೋಪಾಲಗೌಡರಂಥ ಶಾಸಕರು ಓಡಾಡಿದ ನೆಲವಿದು. ರಾಜಕೀಯ ಪ್ರಜ್ಞೆಗೆ ಇಲ್ಲಿ ಕೊರತೆಯಿಲ್ಲ. ಹಾಗಿದ್ದೂ ರಾಜ್ಯದ ಗಮನ ಸೆಳೆದ ಎರಡು ಪ್ರಕರಣಗಳು ಈ ಜಿಲ್ಲೆಯ ನಾಯಕರಿಗೇ ಸಂಬಂಧಿಸಿದವು. ಎರಡರಲ್ಲೂ ಮೇಲೆ ಹೇಳಿದ ದೋಷ ಸ್ಪಷ್ಟವಾಗಿ ಕಾಣುತ್ತದೆ.

ಮೊದಲನೆಯದು 2011ರದು. ಅಂದಿನ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆ ಕುರಿತ ವರದಿಯನ್ನು ಆ ವರ್ಷದ ಜುಲೈ ಕೊನೆಯಲ್ಲಿ ಸಲ್ಲಿಸಿದರು. ಜುಲೈ 31ರಂದು ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ನೀಡಿದರು. ಗಣಿ ವಹಿವಾಟಿನ ಕಂಪನಿಯೊಂದು ಮುಖ್ಯಮಂತ್ರಿಗಳ ಕುಟುಂಬದವರು ನಡೆಸುವ ಟ್ರಸ್ಟಿಗೆ ನೀಡಿದ ದೇಣಿಗೆ ಮತ್ತು ಕುಟುಂಬದವರಿಗೆ ಸೇರಿದ ಬೆಂಗಳೂರಿನ ಜಮೀನಿನ ಮಾರಾಟ ಆ ವರದಿಯಲ್ಲಿ ಪ್ರಸ್ತಾಪಗೊಂಡಿದ್ದವು. ಮುಂದೆ ಬಂಧನ, ಸಿಬಿಐ ತನಿಖೆ, ವಿಚಾರಣೆ ಎಲ್ಲವೂ ನಡೆದವು. 2016ರ ಅಕ್ಟೋಬರ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನೂ ಕುಟುಂಬದವರನ್ನೂ ಇತರ ಆರೋಪಿಗಳನ್ನೂ ಖುಲಾಸೆಗೊಳಿಸಿತು. ನ್ಯಾಯಾಲಯದ ತೀರ್ಪನ್ನು ಎಲ್ಲರೂ ಗೌರವಿಸಬೇಕು. ಅಲ್ಲಿ ಕೇಳಲಾದ ಪ್ರಶ್ನೆಗೆ ಅದೇ ಉತ್ತರ. ಆದರೆ ಅಲ್ಲಿ ಕೇಳದ ಪ್ರಶ್ನೆಯೊಂದು ಉಳಿಯಿತು. ಸರ್ಕಾರದ ಮುಂದೆ ಅರ್ಜಿ ಇಟ್ಟುಕೊಂಡಿರುವ ಉದ್ಯಮದಿಂದ ಅಧಿಕಾರಸ್ಥರ ಕುಟುಂಬದ ಟ್ರಸ್ಟು ದೇಣಿಗೆ ಪಡೆಯಬಹುದೇ? ಪಡೆದರೆ ಅದನ್ನು ಯಾರಿಗೆ, ಎಷ್ಟು ದಿನದೊಳಗೆ ತಿಳಿಸಬೇಕು? ಆ ಉದ್ಯಮದ ಕಡತ ಬಂದಾಗ ಅಧಿಕಾರಸ್ಥರು ದೂರ ಸರಿಯಬೇಕೇ? ಈ ಪ್ರಶ್ನೆಗಳು ಯಾವುದೇ ಒಬ್ಬ ವ್ಯಕ್ತಿಗಾಗಲಿ ಪಕ್ಷಕ್ಕಾಗಲಿ ಸೀಮಿತವಲ್ಲ. ಶಿಕ್ಷಣ ಸಂಸ್ಥೆ, ಟ್ರಸ್ಟು, ಸಹಕಾರ ಸಂಘಗಳನ್ನು ನಡೆಸುವ ಶಾಸಕರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಐದು ವರ್ಷಗಳ ಮೊಕದ್ದಮೆಯ ನಂತರವೂ ಇವಕ್ಕೆ ಉತ್ತರಿಸುವ ಒಂದು ಪುಟದ ನಿಯಮ ರಾಜ್ಯದಲ್ಲಿ ರೂಪುಗೊಳ್ಳಲಿಲ್ಲ.

ಎರಡನೆಯದು 2022ರದು. ಗ್ರಾಮೀಣಾಭಿವೃದ್ಧಿ ಇಲಾಖೆಯ ಕಾಮಗಾರಿಯ ಹಣ ಬಿಡುಗಡೆಗೆ ಕಮಿಷನ್ ಕೇಳಲಾಗುತ್ತಿದೆ ಎಂದು ಆರೋಪಿಸಿದ್ದ ಬೆಳಗಾವಿಯ ಗುತ್ತಿಗೆದಾರರೊಬ್ಬರು ಆ ವರ್ಷದ ಏಪ್ರಿಲ್‌ನಲ್ಲಿ ಉಡುಪಿಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಆರೋಪವನ್ನು ನಿರಾಕರಿಸಿದ ಅಂದಿನ ಸಚಿವ, ಶಿವಮೊಗ್ಗ ನಗರದ ಶಾಸಕ ಕೆ.ಎಸ್. ಈಶ್ವರಪ್ಪ ರಾಜೀನಾಮೆ ನೀಡಿದರು. ಜುಲೈನಲ್ಲಿ ಪೊಲೀಸರು ಸಾಕ್ಷ್ಯಾಧಾರವಿಲ್ಲವೆಂದು ಅಂತಿಮ ವರದಿ ಸಲ್ಲಿಸಿದರು. ಇಲ್ಲಿಯೂ ಅಪರಾಧದ ಪ್ರಶ್ನೆಗೆ ಪೊಲೀಸರ ಉತ್ತರ ಬಂದಿತು. ಆದರೆ ವರ್ತಕರಿಗೂ ಗುತ್ತಿಗೆದಾರರಿಗೂ ಹೆಚ್ಚು ಮುಖ್ಯವಾದ ಪ್ರಶ್ನೆ ಬೇರೆಯಿತ್ತು. ಆ ಕಾಮಗಾರಿಗೆ ಕಾರ್ಯಾದೇಶವೇ ಇರಲಿಲ್ಲ ಎಂದು ಇಲಾಖೆ ಹೇಳಿತ್ತು. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗಾಗಿ 1999ರಲ್ಲೇ ಕಾಯ್ದೆ ಮಾಡಿದ ರಾಜ್ಯದಲ್ಲಿ ಟೆಂಡರು ಮತ್ತು ಕಾರ್ಯಾದೇಶವಿಲ್ಲದೆ ಕೋಟಿಗಟ್ಟಲೆ ಮೊತ್ತದ ಕೆಲಸಕ್ಕೆ ಕೈಹಾಕುವ ಧೈರ್ಯ ಒಬ್ಬ ಗುತ್ತಿಗೆದಾರನಿಗೆ ಎಲ್ಲಿಂದ ಬರುತ್ತದೆ? ‘ಕೆಲಸ ಶುರುಮಾಡಿ, ಕಾಗದ ಆಮೇಲೆ ಆಗುತ್ತದೆ’ ಎಂಬ ಬಾಯಿಮಾತಿನ ಪದ್ಧತಿ ಊರೂರಲ್ಲಿ ಬೇರುಬಿಟ್ಟಿರುವುದರಿಂದಲೇ ಅಲ್ಲವೇ? ಆ ಪದ್ಧತಿಯನ್ನು ಅಂತಿಮ ವರದಿ ಪರೀಕ್ಷಿಸಲಿಲ್ಲ. ಪರೀಕ್ಷಿಸುವುದು ಪೊಲೀಸರ ಕೆಲಸವೂ ಆಗಿರಲಿಲ್ಲ.

ಇದಕ್ಕೂ ಮೊದಲು, 2021ರಲ್ಲಿ, ರಾಜ್ಯ ಗುತ್ತಿಗೆದಾರರ ಸಂಘ ಶೇಕಡಾ 40ರ ಕಮಿಷನ್ ಆರೋಪ ಮಾಡಿ ಪ್ರಧಾನಮಂತ್ರಿಗಳಿಗೆ ಪತ್ರ ಬರೆದಿತ್ತು. ಸರ್ಕಾರ ಬದಲಾದ ಮೇಲೆ 2023ರಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಅವರ ಆಯೋಗ ನೇಮಕವಾಗಿ, 2025ರಲ್ಲಿ ವರದಿ ಸಲ್ಲಿಕೆಯಾಯಿತು. ಪತ್ರದಿಂದ ವರದಿಗೆ ಸುಮಾರು ನಾಲ್ಕು ವರ್ಷ. ಅಷ್ಟರಲ್ಲಿ ಬಾಕಿ ಬಿಲ್ಲಿನ ಮೇಲೆ ಬಡ್ಡಿ ಕಟ್ಟಿದವನು ಸಣ್ಣ ಗುತ್ತಿಗೆದಾರ. ಅವನಿಗೆ ಸಿಮೆಂಟು, ಕಬ್ಬಿಣ ಸಾಲ ಕೊಟ್ಟು ಕಾದವನು ಊರಿನ ವ್ಯಾಪಾರಿ.

ಬ್ರಿಟನ್ನಿನ ಮೆಟ್ಟಿಲುಗಳು

ಚುನಾವಣೆ ಮತ್ತು ಜೈಲು ಇವೆರಡರ ನಡುವೆ ಬೇರೆ ಮೆಟ್ಟಿಲುಗಳು ಇರಲು ಸಾಧ್ಯವೇ ಎಂಬುದಕ್ಕೆ ಬ್ರಿಟನ್ನಿನ ಅನುಭವ ನೋಡುವಂತಿದೆ. ಹಣ ಪಡೆದು ಸಂಸತ್ತಿನಲ್ಲಿ ಪ್ರಶ್ನೆ ಕೇಳಿದ ಹಗರಣದ ಬೆನ್ನಲ್ಲೇ 1994ರಲ್ಲಿ ಅಂದಿನ ಪ್ರಧಾನಿ ಜಾನ್ ಮೇಜರ್ ಅವರು ಲಾರ್ಡ್ ನೋಲನ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚಿಸಿದರು. 1995ರಲ್ಲಿ ಆ ಸಮಿತಿ ಸಾರ್ವಜನಿಕ ಜೀವನದ ಏಳು ತತ್ವಗಳನ್ನು ಮುಂದಿಟ್ಟಿತು: ನಿಸ್ವಾರ್ಥತೆ, ನಿಷ್ಠೆ, ವಸ್ತುನಿಷ್ಠತೆ, ಉತ್ತರದಾಯಿತ್ವ, ಮುಕ್ತತೆ, ಪ್ರಾಮಾಣಿಕತೆ, ನಾಯಕತ್ವ. ಇವು ಕೇಳಲು ಸುಭಾಷಿತಗಳಂತಿವೆ. ಆದರೆ ಅಲ್ಲಿ ತತ್ವಗಳ ಕೆಳಗೆ ಯಂತ್ರವೊಂದನ್ನು ಜೋಡಿಸಲಾಯಿತು. ಸಂಸದರ ಹಿತಾಸಕ್ತಿಗಳ ನೋಂದಣಿ ಪುಸ್ತಕ ಎಲ್ಲರೂ ನೋಡುವಂತೆ ಪ್ರಕಟವಾಗುತ್ತದೆ. 300 ಪೌಂಡಿಗಿಂತ ಹೆಚ್ಚಿನ ಉಡುಗೊರೆಯೂ ಅದರಲ್ಲಿ ನಮೂದಾಗಬೇಕು. ದೂರು ವಿಚಾರಿಸಲು ಸಂಸತ್ತಿಗೆ ಒಬ್ಬ ಆಯುಕ್ತರಿದ್ದಾರೆ. ಸಚಿವರ ನಡತೆ ಪರಿಶೀಲಿಸಲು ಒಬ್ಬ ಸ್ವತಂತ್ರ ಸಲಹೆಗಾರರಿದ್ದಾರೆ. ಸಂಸದರ ಭತ್ಯೆ ನಿರ್ಧರಿಸಲು ಸಂಸತ್ತಿನ ಹೊರಗಿನ ಪ್ರಾಧಿಕಾರವಿದೆ. 2015ರ ಕಾಯ್ದೆಯಂತೆ, ಸದನದಿಂದ ಹತ್ತು ಕಲಾಪದ ದಿನ ಅಥವಾ ಹೆಚ್ಚು ಅವಧಿಗೆ ಅಮಾನತಾದ ಸಂಸದರ ಕ್ಷೇತ್ರದಲ್ಲಿ ಶೇಕಡಾ 10ರಷ್ಟು ಮತದಾರರು ಸಹಿ ಮಾಡಿದರೆ ಸ್ಥಾನ ತೆರವಾಗಿ ಉಪಚುನಾವಣೆ ನಡೆಯುತ್ತದೆ.

ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ 2025ರ ಸೆಪ್ಟೆಂಬರ್‌ನ ಒಂದು ಘಟನೆ ಸಾಕು. ಉಪಪ್ರಧಾನಿ ಆಂಜೆಲಾ ರೇನರ್ ಮನೆಯೊಂದನ್ನು ಕೊಂಡಾಗ ಸುಮಾರು 40,000 ಪೌಂಡ್ ಮುದ್ರಾಂಕ ತೆರಿಗೆ ಕಡಿಮೆ ಪಾವತಿಯಾಗಿತ್ತು. ಅವರೇ ವಿಷಯವನ್ನು ಸ್ವತಂತ್ರ ಸಲಹೆಗಾರರಿಗೆ ಒಪ್ಪಿಸಿದರು. ಎರಡೇ ದಿನದಲ್ಲಿ ವರದಿ ಬಂದಿತು. ಅವರು ನಿಷ್ಠೆಯಿಂದಲೇ ನಡೆದುಕೊಂಡಿದ್ದಾರೆ, ಆದರೆ ತಜ್ಞರ ತೆರಿಗೆ ಸಲಹೆ ಪಡೆಯಬೇಕೆಂಬ ಎಚ್ಚರಿಕೆಯನ್ನು ಪಾಲಿಸದೆ ಸಚಿವರ ಸಂಹಿತೆಯನ್ನು ಮೀರಿದ್ದಾರೆ ಎಂಬುದು ವರದಿಯ ಸಾರ. ಅದೇ ದಿನ ರಾಜೀನಾಮೆ. ಇಲ್ಲಿ ಬಂಧನವಿಲ್ಲ, ದೋಷಾರೋಪ ಪಟ್ಟಿಯಿಲ್ಲ, ಅಭಿಮಾನಿಗಳ ರಸ್ತೆ ತಡೆಯಿಲ್ಲ. ಅಪರಾಧವಲ್ಲದ ತಪ್ಪಿಗೆ ಜೈಲಲ್ಲದ ಪರಿಣಾಮ. ಮೆಟ್ಟಿಲು ಎಂದರೆ ಇದು.

ಬ್ರಿಟನ್ ಪರಿಶುದ್ಧ ದೇಶವೇನೂ ಅಲ್ಲ. 2009ರಲ್ಲಿ ಸಂಸದರ ಖರ್ಚು ವೆಚ್ಚದ ಹಗರಣ ಬಯಲಾಗಿ ಸ್ಪೀಕರ್ ಸ್ಥಾನ ಬಿಡಬೇಕಾಯಿತು. ಕೆಲವು ಸಂಸದರು ಜೈಲು ಸೇರಿದರು. 2021ರಲ್ಲಿ ಓವೆನ್ ಪ್ಯಾಟರ್‌ಸನ್ ಎಂಬ ಸಂಸದರು ತಮಗೆ ಸಂಭಾವನೆ ನೀಡುತ್ತಿದ್ದ ಕಂಪನಿಗಳ ಪರವಾಗಿ ಅಧಿಕಾರಿಗಳ ಮೇಲೆ ಪ್ರಭಾವ ಬೀರಿದ್ದರೆಂದು ಆಯುಕ್ತರು ಹೇಳಿದಾಗ ಸರ್ಕಾರ ನಿಯಮವನ್ನೇ ಬದಲಿಸಿ ಅವರನ್ನು ಉಳಿಸಲು ನೋಡಿತು. ಜನಾಕ್ರೋಶಕ್ಕೆ ಹೆದರಿ ಒಂದೇ ದಿನದಲ್ಲಿ ಹಿಂದೆ ಸರಿಯಿತು. ಆ ಸಂಸದರು ರಾಜೀನಾಮೆ ನೀಡಿದರು. ಉಪಚುನಾವಣೆಯಲ್ಲಿ ಪಕ್ಷ ತನ್ನ ಭದ್ರ ಕ್ಷೇತ್ರವನ್ನು ಕಳೆದುಕೊಂಡಿತು. ಬ್ರಿಟನ್ನಿನಿಂದ ಕಲಿಯಬೇಕಾದ ಪಾಠ ಅಲ್ಲಿನವರು ಸಜ್ಜನರು ಎಂಬುದಲ್ಲ. ಸಜ್ಜನರಲ್ಲದವರೂ ಬರುತ್ತಾರೆ ಎಂದು ಮೊದಲೇ ಎಣಿಸಿ ಕಟ್ಟಿದ ವ್ಯವಸ್ಥೆ ಅದು. ಲೆಕ್ಕಪರಿಶೋಧನೆಯ ತಳಹದಿಯೂ ಇದೇ. ಗುಮಾಸ್ತನ ಮೇಲೆ ಸಂಶಯವಿದೆಯೆಂದು ಯಾರೂ ನಗದು ಪುಸ್ತಕವನ್ನು ಬ್ಯಾಂಕ್ ಪುಸ್ತಕದೊಂದಿಗೆ ತಾಳೆ ನೋಡುವುದಿಲ್ಲ. ತಾಳೆ ನೋಡುವ ಪದ್ಧತಿ ಇರುವುದರಿಂದ ಸಂಶಯಕ್ಕೆ ಎಡೆ ಕಡಿಮೆಯಾಗುತ್ತದೆ.

ಕರ್ನಾಟಕದ ಕಾಯ್ದೆಯಲ್ಲಿ ಇರುವುದೇನು?

ಇಂಥ ಮೆಟ್ಟಿಲು ಕಟ್ಟುವ ಯೋಚನೆ ಕರ್ನಾಟಕಕ್ಕೆ ಹೊಸದಲ್ಲ. ನೋಲನ್ ಸಮಿತಿಗಿಂತ ಹತ್ತು ವರ್ಷ ಮೊದಲೇ, ರಾಮಕೃಷ್ಣ ಹೆಗಡೆಯವರ ಕಾಲದಲ್ಲಿ ರೂಪುಗೊಂಡ ಲೋಕಾಯುಕ್ತ ಕಾಯ್ದೆಯು ‘ಆರೋಪ’ ಎಂಬ ಪದಕ್ಕೆ ಕೊಟ್ಟ ಅರ್ಥವಿವರಣೆ ಗಮನಾರ್ಹ. ಲಂಚ, ಅಧಿಕಾರ ದುರುಪಯೋಗಗಳ ಜೊತೆಗೆ, ತನ್ನ ವರ್ಗದ ಸಾರ್ವಜನಿಕ ನೌಕರರು ಪಾಲಿಸಬೇಕಾದ ನಿಷ್ಠೆ ಮತ್ತು ನಡತೆಯ ಮಾನದಂಡಗಳಿಗೆ ಅನುಗುಣವಾಗಿ ನಡೆದುಕೊಳ್ಳಲು ತಪ್ಪುವುದನ್ನೂ ಅದು ಆರೋಪವೆಂದೇ ಪರಿಗಣಿಸುತ್ತದೆ. ಮುಖ್ಯಮಂತ್ರಿ, ಸಚಿವರು, ಶಾಸಕರೂ ಈ ಕಾಯ್ದೆಯ ವ್ಯಾಪ್ತಿಯಲ್ಲಿದ್ದಾರೆ. ಆರೋಪ ಸಾಬೀತಾದರೆ ಆ ವ್ಯಕ್ತಿ ಹುದ್ದೆಯಲ್ಲಿ ಮುಂದುವರಿಯಬಾರದು ಎಂದು ಲೋಕಾಯುಕ್ತರು ಘೋಷಿಸಲು 13ನೇ ಕಲಮಿನಲ್ಲಿ ಅವಕಾಶವಿದೆ. ಹೀಗೆ ಅಪರಾಧ ಮತ್ತು ನಡತೆಗಳ ವ್ಯತ್ಯಾಸವನ್ನು ಕಾಯ್ದೆ ಬರೆದವರು ಬಲ್ಲವರೇ ಆಗಿದ್ದರು.

ಕೊರತೆ ಇರುವುದು ಎರಡು ಕಡೆ. ಶಾಸಕರ ಮಟ್ಟಿಗೆ ಆ ‘ಮಾನದಂಡ’ ಯಾವುದು ಎಂದು ಕಾಯ್ದೆ ಬಿಡಿಸಿ ಹೇಳಲಿಲ್ಲ. ಸರ್ಕಾರಿ ನೌಕರರಿಗೆ ನಡತೆ ನಿಯಮಗಳಿವೆ; ಲೆಕ್ಕಪರಿಶೋಧಕರಿಗೆ 1949ರ ಕಾಯ್ದೆಯಲ್ಲಿ ವೃತ್ತಿ ದುರ್ನಡತೆಯ ಅನುಸೂಚಿಗಳಿವೆ; ವೈದ್ಯರಿಗೂ ವಕೀಲರಿಗೂ ತಮ್ಮ ತಮ್ಮ ಪರಿಷತ್ತುಗಳ ನಿಯಮಗಳಿವೆ. ಯಾವ ಅಪರಾಧವನ್ನೂ ಮಾಡದ ಲೆಕ್ಕಪರಿಶೋಧಕರೂ ನಡತೆ ತಪ್ಪಿದ್ದಕ್ಕೆ ಸದಸ್ಯತ್ವ ಕಳೆದುಕೊಳ್ಳಬಹುದು. ಎರಡನೆಯ ಕೊರತೆಯೆಂದರೆ, ಲೋಕಾಯುಕ್ತರ ಘೋಷಣೆಯನ್ನು ಒಪ್ಪುವುದೂ ತಳ್ಳಿಹಾಕುವುದೂ ಸಕ್ಷಮ ಪ್ರಾಧಿಕಾರದ ಕೈಯಲ್ಲಿದೆ. ಸಂತಾನಂ ಸಮಿತಿಯ ನಂತರ, 1964ರಲ್ಲಿ, ಕೇಂದ್ರ ಮತ್ತು ರಾಜ್ಯಗಳ ಸಚಿವರಿಗಾಗಿ ಬಂದ ನೀತಿ ಸಂಹಿತೆಯ ಗತಿಯೂ ಇದೇ. ವ್ಯಾಪಾರದ ಸಂಬಂಧ ಕಡಿದುಕೊಳ್ಳಬೇಕು, ಆಸ್ತಿ ವಿವರ ಕೊಡಬೇಕು ಎಂದೆಲ್ಲ ಅದರಲ್ಲಿದೆ. ಆದರೆ ರಾಜ್ಯದ ಸಚಿವರ ಮಟ್ಟಿಗೆ ಅದನ್ನು ಪಾಲಿಸುವಂತೆ ನೋಡಿಕೊಳ್ಳಬೇಕಾದವರು ಮುಖ್ಯಮಂತ್ರಿಗಳೇ. ತನ್ನ ಸಂಸ್ಥೆಯ ಲೆಕ್ಕವನ್ನು ತಾನೇ ಪರಿಶೋಧಿಸಿ ಸಹಿ ಹಾಕಿದಂತೆ ಇದು.

ಇನ್ನು ಲೋಕಾಯುಕ್ತ ಸಂಸ್ಥೆಯನ್ನು ರಾಜ್ಯ ನಡೆಸಿಕೊಂಡ ರೀತಿ. 2011ರಲ್ಲಿ ಲೋಕಾಯುಕ್ತರಾದ ನ್ಯಾಯಮೂರ್ತಿ ಶಿವರಾಜ ಪಾಟೀಲರು, ನಿವೇಶನ ಹಂಚಿಕೆಯ ವಿವಾದ ಎದ್ದಾಗ ಅಧಿಕಾರ ವಹಿಸಿಕೊಂಡ ಎರಡು ತಿಂಗಳೊಳಗೇ ಸ್ಥಾನ ಬಿಟ್ಟರು. ನ್ಯಾಯಾಲಯದ ತೀರ್ಪಿಗಾಗಿ ಅವರು ಕಾಯಲಿಲ್ಲ; ಸಂಸ್ಥೆಯ ಗೌರವಕ್ಕೆ ಕುಂದು ಬರಬಾರದೆಂಬ ಮೇಲ್ಪಂಕ್ತಿ ಅದು. ಆದರೆ ಆ ಸ್ಥಾನ ತುಂಬಲು 2013ರ ಫೆಬ್ರುವರಿಯವರೆಗೆ ಕಾಯಬೇಕಾಯಿತು. 2015ರಲ್ಲಿ ಅಂದಿನ ಲೋಕಾಯುಕ್ತರ ಮಗನೇ ಸುಲಿಗೆ ಆರೋಪದಲ್ಲಿ ಬಂಧಿತನಾಗಿ, ಕೊನೆಗೆ ಲೋಕಾಯುಕ್ತರು ರಾಜೀನಾಮೆ ನೀಡಿದರು. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ರಚಿಸಿ ಲೋಕಾಯುಕ್ತರ ಪೊಲೀಸ್ ಅಧಿಕಾರವನ್ನು ಕಿತ್ತುಕೊಳ್ಳಲಾಯಿತು. 2022ರ ಆಗಸ್ಟ್‌ನಲ್ಲಿ ಉಚ್ಚ ನ್ಯಾಯಾಲಯ ಆ ದಳವನ್ನು ರದ್ದುಪಡಿಸಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಈ ಅವಧಿಯಲ್ಲಿ ರಾಜ್ಯವನ್ನು ಆಳಿದ ಪಕ್ಷಗಳು ಒಂದಕ್ಕಿಂತ ಹೆಚ್ಚು. ದಳ ರಚನೆಯಾದಾಗ ಟೀಕಿಸಿದವರು ತಾವು ಅಧಿಕಾರಕ್ಕೆ ಬಂದ ಮೇಲೂ ಅದನ್ನು ಹಾಗೆಯೇ ಉಳಿಸಿಕೊಂಡದ್ದನ್ನು ಮರೆಯುವಂತಿಲ್ಲ.

ಭದ್ರಾವತಿಗೆ ಕೊಟ್ಟ ಮಾತು

ನಡತೆ ಎಂದರೆ ಹಣದ ವಿಷಯ ಮಾತ್ರವಲ್ಲ, ಮಾತಿನ ವಿಷಯವೂ ಹೌದು. ಬ್ರಿಟನ್ನಿನ ಮಾಜಿ ಪ್ರಧಾನಿ ಬೋರಿಸ್ ಜಾನ್ಸನ್ 2023ರಲ್ಲಿ ಸಂಸದ ಸ್ಥಾನ ಬಿಟ್ಟದ್ದು ಲಂಚದ ಆರೋಪದಿಂದಲ್ಲ. ಸದನಕ್ಕೆ ತಪ್ಪು ಮಾಹಿತಿ ನೀಡಿದ್ದಾರೆಂದು ಹಕ್ಕುಬಾಧ್ಯತಾ ಸಮಿತಿ ಕಂಡುಕೊಂಡಿದ್ದರಿಂದ. ಆಡಿದ ಮಾತಿಗೆ ಲೆಕ್ಕ ಕೇಳುವ ಪದ್ಧತಿ ಇದ್ದಿದ್ದರೆ ಅದರಿಂದ ಹೆಚ್ಚು ಪ್ರಯೋಜನವಾಗುತ್ತಿದ್ದ ಊರು ಭದ್ರಾವತಿ.

1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆ 1989ರಲ್ಲಿ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಯಿತು. 1998ರಲ್ಲಿ ಅದರಲ್ಲಿ ವಿಲೀನವಾಯಿತು. ಸ್ವಂತ ಅದಿರು ಗಣಿ ದೊರಕಿಸುವ ಮಾತು ಚುನಾವಣೆಯಿಂದ ಚುನಾವಣೆಗೆ ಕೇಳಿಬಂದಿತು. 2016ರಲ್ಲಿ ಷೇರು ವಿಕ್ರಯಕ್ಕೆ ಕೇಂದ್ರ ಸಂಪುಟ ತಾತ್ವಿಕ ಒಪ್ಪಿಗೆ ನೀಡಿತು; 2022ರಲ್ಲಿ ಆ ಪ್ರಕ್ರಿಯೆ ಕೈಬಿಟ್ಟು, 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಪ್ರಕಟವಾಯಿತು. ಕಾರ್ಮಿಕರ ಧರಣಿಯ ನಂತರ ಅದೇ ವರ್ಷ ಭಾಗಶಃ ಉತ್ಪಾದನೆ ಪುನರಾರಂಭಗೊಂಡಿತು. 2024ರಲ್ಲಿ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಕಾರ್ಖಾನೆಗೆ ಭೇಟಿ ನೀಡಿ ಪುನಶ್ಚೇತನದ ಭರವಸೆ ನೀಡಿದರು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಅದರ ಬಗ್ಗೆಯೂ ಆಶ್ವಾಸನೆಗಳಿಗೆ ಬರವಿಲ್ಲ.

ಭರವಸೆ ಕೊಟ್ಟವರೆಲ್ಲ ಸುಳ್ಳಾಡಿದರು ಎನ್ನಲಾಗದು. ಕೆಲವರು ನಿಜವಾಗಿಯೂ ಪ್ರಯತ್ನಪಟ್ಟಿರಬಹುದು. ತೊಂದರೆ ಇರುವುದು ಅದನ್ನು ಪರೀಕ್ಷಿಸುವ ದಾರಿಯೇ ಇಲ್ಲದಿರುವುದರಲ್ಲಿ. ಷೇರು ಪೇಟೆಯಲ್ಲಿ ನೋಂದಾಯಿತವಾದ ಕಂಪನಿ ಒಂದು ಘಟಕವನ್ನು ತೆರೆಯಲು ಅಥವಾ ಮುಚ್ಚಲು ನಿರ್ಧರಿಸಿದರೆ ತಡವಿಲ್ಲದೆ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. ತಪ್ಪು ಹೇಳಿಕೆಗೆ ದಂಡವಿದೆ. ಶಾಸನಸಭೆಯ ಒಳಗೆ ಸಚಿವರು ನೀಡಿದ ಭರವಸೆಗಳನ್ನು ಹಿಂಬಾಲಿಸಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಆದರೆ ವೇದಿಕೆಯ ಮೇಲೆ, ಹಾರ ತುರಾಯಿಗಳ ನಡುವೆ ಆಡಿದ ಮಾತಿಗೆ ಆದೇಶದ ಸಂಖ್ಯೆಯೂ ಇಲ್ಲ, ಬಜೆಟ್ ಶೀರ್ಷಿಕೆಯೂ ಇಲ್ಲ, ಗಡುವೂ ಇಲ್ಲ. ಆ ಮಾತನ್ನು ನಂಬಿ ಲೇತ್ ಯಂತ್ರಕ್ಕೆ ಸಾಲ ಮಾಡಿದ ವರ್ಕ್‌ಶಾಪಿನವರು, ಮಳಿಗೆ ಮುಚ್ಚದೆ ಬಾಡಿಗೆ ಕಟ್ಟಿದ ಅಂಗಡಿಯವರು ನಷ್ಟವನ್ನು ಯಾರ ಖಾತೆಗೆ ಬರೆಯಬೇಕು?

ಕೊಡುವ ಕೈ

ರಾಜಕಾರಣಿಗಳ ನಡತೆಯನ್ನು ಪ್ರಶ್ನಿಸುವ ವರ್ತಕ ಸಮುದಾಯ ತನ್ನ ಕಡೆಯ ಲೆಕ್ಕವನ್ನೂ ತೆರೆದಿಡಬೇಕಾಗುತ್ತದೆ. ಸ್ವತಂತ್ರ ಭಾರತದ ಸಂಸತ್ತು ವಿಚಾರಿಸಿದ ಮೊದಲ ದೊಡ್ಡ ನಡತೆಯ ಪ್ರಕರಣ 1951ರ ಎಚ್.ಜಿ. ಮುದ್ಗಲ್ ಅವರದು. ಹಣ ಪಡೆದು ಸಂಸತ್ತಿನಲ್ಲಿ ಪರವಾಗಿ ಪ್ರಶ್ನೆ ಕೇಳಿದರೆಂಬುದು ಆರೋಪ. ಪ್ರಧಾನಿ ನೆಹರೂ ಅವರೇ ಮುಂದೆ ನಿಂತು, ಸ್ವಪಕ್ಷದ ಸದಸ್ಯನ ಮೇಲೆ ವಿಚಾರಣಾ ಸಮಿತಿ ರಚಿಸುವ ನಿರ್ಣಯ ಮಂಡಿಸಿದರು. ಜೂನ್‌ನಲ್ಲಿ ರಚನೆಯಾದ ಸಮಿತಿ ಬೇಗನೆ ವರದಿ ನೀಡಿ, ಸೆಪ್ಟೆಂಬರ್‌ನಲ್ಲಿ ಮುದ್ಗಲ್ ರಾಜೀನಾಮೆ ಕೊಟ್ಟರು. ಇಲ್ಲಿ ವಾಣಿಜ್ಯ ಸಂಘಗಳು ನೆನಪಿಡಬೇಕಾದ ಅಂಶವೊಂದಿದೆ. ಆ ಹಣ ಬಂದದ್ದು ಬಾಂಬೆ ಬುಲಿಯನ್ ಅಸೋಸಿಯೇಷನ್ ಎಂಬ ವರ್ತಕರ ಸಂಘದಿಂದ. ತೆಗೆದುಕೊಂಡವರ ಹೆಸರು ಇತಿಹಾಸದಲ್ಲಿ ಉಳಿಯಿತು. ಕೊಟ್ಟವರ ಹೆಸರನ್ನು ಜನ ಮರೆತರು.

ಈಗಿನ ಕಾನೂನು ಹಾಗೆ ಮರೆಯುವುದಿಲ್ಲ. ಭ್ರಷ್ಟಾಚಾರ ನಿರೋಧಕ ಕಾಯ್ದೆಗೆ 2018ರಲ್ಲಿ ಬಂದ ತಿದ್ದುಪಡಿಯಂತೆ ಲಂಚ ಕೊಡುವುದೂ ನೇರ ಅಪರಾಧ. ಏಳು ವರ್ಷದವರೆಗೆ ಶಿಕ್ಷೆ ಇದೆ. ಬಲವಂತಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರ ಮಾತ್ರ ರಕ್ಷಣೆ. ಸಂಸ್ಥೆಯ ಪರವಾಗಿ ನೌಕರನೋ ದಲ್ಲಾಳಿಯೋ ಕೊಟ್ಟರೂ ಸಂಸ್ಥೆಯೇ ಹೊಣೆ; ಅದನ್ನು ತಡೆಯಲು ಸಾಕಷ್ಟು ಕ್ರಮ ಕೈಗೊಂಡಿದ್ದೆವೆಂದು ತೋರಿಸಿದರೆ ಮಾತ್ರ ಬಿಡುಗಡೆ. ‘ಇತರೆ ಖರ್ಚು’ ಎಂಬ ಶೀರ್ಷಿಕೆಯಡಿ ಬರೆದುಬಿಟ್ಟರೆ ಮುಗಿಯಿತೆನ್ನುವ ಕಾಲ ಹೋಯಿತು. ಚುನಾವಣಾ ಬಾಂಡು ಯೋಜನೆಯನ್ನು ಸುಪ್ರೀಂ ಕೋರ್ಟು 2024ರ ಫೆಬ್ರುವರಿ 15ರಂದು ರದ್ದುಪಡಿಸಿದ ಮೇಲೆ, ದೇಣಿಗೆ ಕೊಟ್ಟವರ ಹೆಸರು ಗುಟ್ಟಾಗಿ ಉಳಿಯುವುದೆಂಬ ಭರವಸೆಯೂ ಇಲ್ಲ.

ಕಾನೂನಿನ ಆಚೆಗಿನ ಅಭ್ಯಾಸಗಳೂ ಇವೆ. ಕಡತ ಬಾಕಿ ಇರುವಾಗಲೇ ಸಚಿವರ ಹುಟ್ಟುಹಬ್ಬಕ್ಕೆ ಅರ್ಧ ಪುಟದ ಜಾಹೀರಾತು, ವೃತ್ತದಲ್ಲಿ ಫ್ಲೆಕ್ಸು, ಸನ್ಮಾನಕ್ಕೆ ಪೇಟ ಮತ್ತು ಬೆಳ್ಳಿಯ ಸ್ಮರಣಿಕೆ. ಇವು ಲಂಚವಲ್ಲ, ಆದರೆ ಯಾರ ಹಣ, ಯಾವ ನಿರೀಕ್ಷೆಯಿಂದ ಎಂಬುದು ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಗೊತ್ತಿರುವ ಸಂಗತಿ. ನಡತೆಯ ಮಾನದಂಡ ಕುಸಿಯುವುದು ದೊಡ್ಡ ಹಗರಣದಿಂದಲ್ಲ, ಇಂಥ ಸಣ್ಣ ರೂಢಿಗಳಿಂದ.

ಎರಡು ಆಕ್ಷೇಪಗಳು

ಜನಪ್ರತಿನಿಧಿಗೆ ಮತದಾರನೇ ನ್ಯಾಯಾಧೀಶ, ನಡುವೆ ಬೇರೆಯವರೇಕೆ ಎಂಬ ಆಕ್ಷೇಪವಿದೆ. ಕಂಪನಿಯ ನಿರ್ದೇಶಕರನ್ನು ಆರಿಸುವವರೂ ಷೇರುದಾರರೇ. ಹಾಗೆಂದು ಲೆಕ್ಕಪರಿಶೋಧಕರು ಬೇಡವೆಂದು ಯಾರೂ ಹೇಳುವುದಿಲ್ಲ. ಷೇರುದಾರರು ತಿಳಿದು ಮತ ಹಾಕಲೆಂದೇ ಪರಿಶೋಧನಾ ವರದಿ ಇದೆ. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ಅಭ್ಯರ್ಥಿಗಳ ಪ್ರಮಾಣಪತ್ರದಲ್ಲಿ ಆಸ್ತಿ ಮತ್ತು ಮೊಕದ್ದಮೆಗಳ ವಿವರ ಕಡ್ಡಾಯವಾಯಿತು. 2018ರ ತೀರ್ಪು ಆದಾಯದ ಮೂಲವನ್ನೂ ಸೇರಿಸಿತು. ಆದರೆ ಅದು ಐದು ವರ್ಷಕ್ಕೊಮ್ಮೆ ಸಿಗುವ ಚಿತ್ರ. ನಡುವಿನ ವರ್ಷಗಳ ಲೆಕ್ಕ ಸಾರ್ವಜನಿಕರಿಗೆ ಸುಲಭವಾಗಿ ಸಿಗಬೇಕು.

ವಿರೋಧಿಗಳು ಸುಳ್ಳು ದೂರು ಕೊಟ್ಟು ಕಿರುಕುಳ ಕೊಡುತ್ತಾರೆ ಎಂಬುದು ಎರಡನೆಯ ಆಕ್ಷೇಪ. ವಾಸ್ತವದಲ್ಲಿ ಮೆಟ್ಟಿಲುಗಳು ಇಲ್ಲದಿರುವುದರಿಂದಲೇ ಹೆಚ್ಚು ಕಿರುಕುಳ. ನಿರಪರಾಧಿಯಾದ ಸಚಿವರೂ ಐದು ವರ್ಷ ಮೊಕದ್ದಮೆಯ ನೆರಳಿನಲ್ಲಿ ಬದುಕಬೇಕು. ಲಿಖಿತ ನಿಯಮ, ಪ್ರಕಟವಾದ ನೋಂದಣಿ, ಅರುವತ್ತು ದಿನದೊಳಗೆ ವರದಿ ಇದ್ದರೆ ಪ್ರಾಮಾಣಿಕರು ಮೊದಲು ಪಾರಾಗುತ್ತಾರೆ.

ಆಗಬೇಕಾದದ್ದು

ರಾಜ್ಯ ಸರ್ಕಾರದ ಮಟ್ಟದಲ್ಲಿ ಮೂರು ತಿದ್ದುಪಡಿಗಳು ಅಗತ್ಯ. ಲೋಕಾಯುಕ್ತ ಕಾಯ್ದೆಯ 22ನೇ ಕಲಮಿನಡಿ ವಿವರ ಸಲ್ಲಿಸದವರ ಸಂಬಳ ಭತ್ಯೆಗಳು ಸಲ್ಲಿಸುವವರೆಗೆ ತಡೆಹಿಡಿಯಲ್ಪಡಬೇಕು. ಸಲ್ಲಿಸಿದವರ ವಿವರಗಳು ಎಲ್ಲರಿಗೂ ಕಾಣುವಂತೆ ಪ್ರಕಟವಾಗಬೇಕು. ಶಾಸಕರ ಹಾಗೂ ಕುಟುಂಬದವರ ಕಂಪನಿ, ಟ್ರಸ್ಟು, ಗುತ್ತಿಗೆ ಮತ್ತು ಪಡೆದ ದೇಣಿಗೆಗಳ ನೋಂದಣಿ ಪುಸ್ತಕವೊಂದು ಇರಬೇಕು. ಸಂಬಂಧಪಟ್ಟ ಕಡತ ಬಂದಾಗ ದೂರ ಸರಿಯುವ ನಿಯಮ ಬರವಣಿಗೆಯಲ್ಲಿರಬೇಕು. ಲೋಕಾಯುಕ್ತರ ಘೋಷಣೆಯನ್ನು ತಳ್ಳಿಹಾಕುವ ಪ್ರಾಧಿಕಾರ ಅದಕ್ಕೆ ಕಾರಣಗಳನ್ನು ಸದನದಲ್ಲಿ ಮಂಡಿಸಬೇಕು.

ಸರ್ಕಾರ ಮಾಡುವವರೆಗೆ ಜಿಲ್ಲೆಯ ವಾಣಿಜ್ಯ ಸಂಘಗಳು ಕಾಯಬೇಕಾಗಿಲ್ಲ. ಶಿವಮೊಗ್ಗ, ಭದ್ರಾವತಿಗಳಿಗೆ ಸಂಬಂಧಿಸಿ ಸಚಿವರು, ಸಂಸದರು, ಶಾಸಕರು ಮಾಡಿದ ಪ್ರತಿ ಘೋಷಣೆಯನ್ನು ದಿನಾಂಕ, ಆದೇಶ ಸಂಖ್ಯೆ, ಮಂಜೂರಾದ ಮೊತ್ತ, ಗಡುವುಗಳೊಂದಿಗೆ ಒಂದು ಪಟ್ಟಿಯಲ್ಲಿ ಬರೆದಿಟ್ಟು ಮೂರು ತಿಂಗಳಿಗೊಮ್ಮೆ ಇದೇ ಪತ್ರಿಕೆಯಲ್ಲಿ ಪ್ರಕಟಿಸಬಹುದು. ಆದೇಶ ಸಂಖ್ಯೆ ಇಲ್ಲದ ಕಡೆ ‘ಇಲ್ಲ’ ಎಂದಷ್ಟೇ ಬರೆದರೆ ಸಾಕು, ಟೀಕೆಯ ಅಗತ್ಯವಿಲ್ಲ. ಬಾಕಿ ಬಿಲ್ಲಿಗೆ ಹಣ ಕೇಳಲ್ಪಟ್ಟ ಸದಸ್ಯ ಒಂಟಿಯಾಗಿ ದೂರು ಕೊಡಲು ಹೆದರುತ್ತಾನೆ. ಏಳು ದಿನದ ಗಡುವಿನೊಳಗೆ ಅವನ ಜೊತೆ ಲೋಕಾಯುಕ್ತ ಕಚೇರಿಗೆ ಹೋಗಲು ಸಂಘದ ಒಂದು ಸಣ್ಣ ಉಪಸಮಿತಿ ಇದ್ದರೆ ಅವನಿಗೆ ಧೈರ್ಯ ಬರುತ್ತದೆ. ಕಾರ್ಯಾದೇಶವಿಲ್ಲದ ಕಾಮಗಾರಿಗೆ ಸಾಮಗ್ರಿ ಸಾಲ ಕೊಡುವುದಿಲ್ಲ ಎಂಬ ನಿರ್ಣಯವನ್ನು ಸಿಮೆಂಟು, ಕಬ್ಬಿಣದ ವರ್ತಕರು ಕೈಗೊಂಡರೆ ಬಾಯಿಮಾತಿನ ಪದ್ಧತಿಗೆ ಅಲ್ಲಿಯೇ ತಡೆ ಬೀಳುತ್ತದೆ. ಸಂಘದ ಮನವಿ ಸರ್ಕಾರದ ಮುಂದಿರುವಾಗ ಸಂಬಂಧಪಟ್ಟ ಸಚಿವರಿಗೆ ಸನ್ಮಾನ, ಸ್ಮರಣಿಕೆ ಬೇಡ. ಒಂದು ಲೋಟ ಕಾಫಿ ಮತ್ತು ಮನವಿಪತ್ರ ಸಾಕು.

ಭದ್ರಾವತಿಯ ಕಾರ್ಖಾನೆಗೆ ಹೆಸರಾದ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ತಮಗೆ ಸಲ್ಲಬೇಕಾದ ಸಂಭಾವನೆಯನ್ನು ವೃತ್ತಿ ಶಿಕ್ಷಣ ಸಂಸ್ಥೆಯೊಂದಕ್ಕೆ ವಿನಿಯೋಗಿಸುವಂತೆ ಹೇಳಿದರು. ಅಂಥವರು ಶತಮಾನಕ್ಕೊಬ್ಬರು. ಅವರು ಬರುವರೆಂದು ಕಾಯುತ್ತ ಕೂರುವುದು ವ್ಯವಹಾರ ಬಲ್ಲವರ ಲಕ್ಷಣವಲ್ಲ. ಸಾಧಾರಣ ಮನುಷ್ಯರೂ ಸರಿದಾರಿಯಲ್ಲಿ ನಡೆಯುವಂತೆ ಲೆಕ್ಕ ಕೇಳುವ ಪದ್ಧತಿಯನ್ನು ವ್ಯಾಪಾರ ಪ್ರಪಂಚ ಎಂದೋ ಕಂಡುಕೊಂಡಿದೆ. ಅದನ್ನು ಸಾರ್ವಜನಿಕ ಜೀವನಕ್ಕೂ ಅನ್ವಯಿಸಿರೆಂದು ಕೇಳುವ ಹಕ್ಕು, ತೆರಿಗೆ ಕಟ್ಟಿ ಪ್ರತಿ ವರ್ಷ ತನ್ನ ಲೆಕ್ಕವನ್ನು ಸರ್ಕಾರದ ಮುಂದೆ ತೆರೆದಿಡುವ ಪ್ರತಿಯೊಬ್ಬ ವರ್ತಕನಿಗೂ ಇದೆ.